ಒಂದೇ ಹಳಿ, ಎರಡು ರೈಲು

ಹುಬ್ಬಳ್ಳಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪ್ಲೈವುಡ್ ಹಲಗೆ ಇದೆ. ಅದರ ಮೇಲೆ ಪುಟ್ಟ ರೈಲು ಹಳಿ, ಎರಡು ಇಂಜಿನ್, ಏಳು ಬೋಗಿ, ರಟ್ಟಿನಿಂದ ಮಾಡಿದ ಒಂದು ಸ್ಟೇಷನ್. ನೋಡಿದವರೆಲ್ಲ 'ಮಕ್ಕಳ ಆಟಿಕೆ' ಎನ್ನುತ್ತಾರೆ. ನಿಜ, ಆಟಿಕೆಯೇ. ಆದರೆ ಈ ಆಟಿಕೆಯನ್ನು ಓಡಿಸಲು ಯಾವ ಬಗೆಯ ನಿಯಂತ್ರಣ ಬೇಕು ಎಂದು ತೀರ್ಮಾನಿಸುವುದಕ್ಕೆ ನಮಗೆ ಒಂದು ವರ್ಷ ಹಿಡಿಯಿತು. ನಡುವೆ ಜಗಳವಾಯಿತು, ಅಳುವೂ ಆಯಿತು.

ಇದನ್ನೇಕೆ ಬರೆಯುತ್ತಿದ್ದೇನೆ ಎಂದರೆ, ವಿದೇಶದಲ್ಲಿ ದುಡಿಯುವ ಅಣ್ಣತಮ್ಮಂದಿರು ರಜೆಗೆ ಬರುವಾಗ ಇಂತಹ ರೈಲಿನ ಪೆಟ್ಟಿಗೆ ತರುವುದು ಈಗ ಅಪರೂಪವಲ್ಲ. ಅದರ ಬೆಲೆ ಕಡಿಮೆಯಲ್ಲ. ತಿಳಿಯದೆ ಒಂದಕ್ಕೊಂದು ಹೊಂದದ ಸಾಮಾನು ಕೊಂಡರೆ ಹಣವೂ ಹೋಗುತ್ತದೆ, ಇಂಜಿನ್ನೂ ಸುಟ್ಟುಹೋಗುತ್ತದೆ. ಕೊಳ್ಳುವ ಮುನ್ನ ತಾಯಂದಿರಾದ ನಾವು ನಾಲ್ಕು ವಿಷಯ ತಿಳಿದಿದ್ದರೆ ಒಳ್ಳೆಯದಲ್ಲವೇ?

ಫ್ಯಾನಿನ ರೆಗ್ಯುಲೇಟರ್

ನನ್ನ ತಮ್ಮ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ಅವನು ನನ್ನ ಮಗನಿಗೆಂದು ಮೊದಲ ಪೆಟ್ಟಿಗೆ ತಂದ. ನಿಜವಾದ ರೈಲಿನ 87ರಲ್ಲಿ ಒಂದು ಭಾಗದಷ್ಟು ಗಾತ್ರ. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್ ಅಂತರ. ಇದನ್ನು ಎಚ್‌ಒ ಅಳತೆ ಎನ್ನುತ್ತಾರೆ. ಜೊತೆಗೆ ಒಂದು ಅಡಾಪ್ಟರ್, ತಿರುಗಿಸುವ ಗುಂಡಿ ಇರುವ ಒಂದು ಸಣ್ಣ ಡಬ್ಬಿ.

ಈ ಡಬ್ಬಿಯ ಕೆಲಸ ಬಹಳ ಸುಲಭ. ಗುಂಡಿ ತಿರುಗಿಸಿದಂತೆ ಹಳಿಗೆ ಸೊನ್ನೆಯಿಂದ ಸುಮಾರು 12 ವೋಲ್ಟ್‌ವರೆಗೆ ವಿದ್ಯುತ್ ಹರಿಯುತ್ತದೆ. ಇಂಜಿನ್ನಿನ ಚಕ್ರಗಳು ಹಳಿಯಿಂದ ಅದನ್ನು ತೆಗೆದುಕೊಂಡು ಮೋಟಾರಿಗೆ ಕೊಡುತ್ತವೆ. ವೋಲ್ಟ್ ಹೆಚ್ಚಾದರೆ ವೇಗ ಹೆಚ್ಚು. ಒಂದು ಹಳಿಯ ಪ್ಲಸ್ಸನ್ನು ಇನ್ನೊಂದಕ್ಕೆ ಬದಲಿಸಿದರೆ ರೈಲು ಹಿಂದಕ್ಕೆ ಓಡುತ್ತದೆ. ಇದೇ ಹಳೆಯ ಪದ್ಧತಿ. ಡಿಸಿ ಎಂದೋ ಅನಲಾಗ್ ಎಂದೋ ಕರೆಯುತ್ತಾರೆ.

ಮರುವರ್ಷ ತಮ್ಮ ಎರಡನೆಯ ಇಂಜಿನ್ ತಂದಾಗ ತೊಂದರೆ ಶುರುವಾಯಿತು. ಎರಡನ್ನೂ ಹಳಿಯ ಮೇಲಿಟ್ಟು ಗುಂಡಿ ತಿರುಗಿಸಿದರೆ ಎರಡೂ ಒಟ್ಟಿಗೆ ಓಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಒಂದೇ ರೆಗ್ಯುಲೇಟರಿಗೆ ಎರಡು ಫ್ಯಾನ್ ಜೋಡಿಸಿದರೆ ಹೇಗೋ ಹಾಗೆ. ಹಾಲ್‌ನಲ್ಲಿ ಸೆಕೆ ಎಂದು ಫ್ಯಾನ್ ಜೋರು ಮಾಡಿದರೆ ಮಗು ಮಲಗಿದ ಕೋಣೆಯ ಫ್ಯಾನೂ ಜೋರಾಗುತ್ತದೆ! ಹದಿಮೂರರ ಮಗನಿಗೂ, ಅವನ ವಯಸ್ಸಿನವನೇ ಆದ ನನ್ನ ಅಕ್ಕನ ಮಗನಿಗೂ ಆ ಒಂದು ಗುಂಡಿಗಾಗಿ ದಿನವೂ ಜಟಾಪಟಿ. ಹತ್ತು ವರ್ಷದ ಮಗಳಿಗಂತೂ ಗುಂಡಿ ಮುಟ್ಟಲೂ ಸಿಗುತ್ತಿರಲಿಲ್ಲ.

ಹಳಿಯನ್ನು ತುಂಡು ಮಾಡುವುದು

ಆಗ ನೆರವಿಗೆ ಬಂದವರು ನನ್ನ ತಂದೆ. ಅವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಮಕ್ಕಳ ಗಲಾಟೆ ಕೇಳಿ ಮೆಟ್ಟಿಲು ಹತ್ತಿ ಬಂದು ಹಲಗೆಯನ್ನು ಸ್ವಲ್ಪ ಹೊತ್ತು ನೋಡಿದರು. "ಬೇಟಾ, ದೊಡ್ಡ ರೈಲ್ವೆಯಲ್ಲಿ ನಾವು ಹಳಿಯನ್ನು ಬ್ಲಾಕ್‌ಗಳಾಗಿ ಭಾಗ ಮಾಡುತ್ತೇವೆ. ಒಂದು ಬ್ಲಾಕ್‌ನಲ್ಲಿ ಒಂದು ಹೊತ್ತಿಗೆ ಒಂದೇ ರೈಲು. ಇಲ್ಲಿಯೂ ಅದನ್ನೇ ಮಾಡಿದರಾಯಿತು" ಎಂದರು.

ಹಾಗೆಯೇ ಮಾಡಿದೆವು. ಹಳಿಯನ್ನು ನಾಲ್ಕು ಕಡೆ ಬಿಡಿಸಿ, ಲೋಹದ ಜೋಡಣೆಯ ಬದಲು ಪ್ಲಾಸ್ಟಿಕ್ ಜೋಡಣೆ ಹಾಕಿ, ನಾಲ್ಕು ಭಾಗ ಮಾಡಿದೆವು. ಸ್ಟೇಷನ್ನಿನ ಎರಡು ಸಾಲು ಎರಡು ಭಾಗ. ಹೊರಗಿನ ಒಂಟಿ ಹಳಿ ಇನ್ನೆರಡು ಭಾಗ. ತಮ್ಮನ ಕೈಯಿಂದ ಇನ್ನೊಂದು ಗುಂಡಿಯ ಡಬ್ಬಿ ತರಿಸಿದೆವು. ಎಲೆಕ್ಟ್ರಿಕಲ್ ಅಂಗಡಿಯಿಂದ ನಾಲ್ಕು ಟಾಗಲ್ ಸ್ವಿಚ್ ತಂದು ಒಂದು ಹಳೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದರು ಅಬ್ಬಾ. ಸ್ವಿಚ್ ಎಡಕ್ಕಿದ್ದರೆ ಆ ಭಾಗ ಮೊದಲನೆಯ ಗುಂಡಿಗೆ, ಬಲಕ್ಕಿದ್ದರೆ ಎರಡನೆಯ ಗುಂಡಿಗೆ, ನಡುವೆ ಇದ್ದರೆ ಯಾರಿಗೂ ಇಲ್ಲ. ಅಲ್ಲಿ ರೈಲು ನಿಂತೇ ಇರುತ್ತದೆ.

ಇದು ನಮ್ಮ ಕಂಡುಹಿಡಿತವೇನೂ ಅಲ್ಲ. ಮಾದರಿ ರೈಲು ಓಡಿಸುವವರು ಬಹಳ ಕಾಲದಿಂದ ಮಾಡಿಕೊಂಡು ಬಂದದ್ದೇ ಇದು. ಅಮೆರಿಕದ ಪ್ರಸಿದ್ಧ ಎಂಐಟಿ ವಿದ್ಯಾಸಂಸ್ಥೆಯಲ್ಲಿ 1946ರಲ್ಲಿ ಶುರುವಾದ ವಿದ್ಯಾರ್ಥಿಗಳ ಮಾದರಿ ರೈಲು ಸಂಘವೊಂದಿದೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳನ್ನು ತಂದು ಹಲಗೆಯ ಕೆಳಗೆ ಜೋಡಿಸಿ, ಯಾವ ಭಾಗ ಯಾರ ಕೈಗೆ ಎಂಬುದನ್ನು ಆ ರಿಲೇಗಳೇ ನೋಡಿಕೊಳ್ಳುವಂತೆ ಮಾಡಿದ್ದರು. 'ಹ್ಯಾಕರ್' ಎಂಬ ಪದವನ್ನು ಕಂಪ್ಯೂಟರ್ ಜಗತ್ತಿಗೆ ಕೊಟ್ಟವರಲ್ಲಿ ಆ ಹುಡುಗರೂ ಇದ್ದರು. ಆಟಿಕೆಯ ಕೆಳಗಿನ ತಂತಿಯೊಳಗೆ ಎಷ್ಟು ವಿದ್ಯೆ ಅಡಗಿದೆ ನೋಡಿ!

ಮಗಳ ಮುಷ್ಕರ

ನಮ್ಮ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಒಂದು ವಿಷಯ ಮಾತ್ರ ನಾನು ತಡವಾಗಿ ಗಮನಿಸಿದೆ. ಹುಡುಗರಿಬ್ಬರೂ ಒಂದೊಂದು ಗುಂಡಿ ಹಿಡಿದು ಕೂರುತ್ತಿದ್ದರು. ರೈಲು ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಯಾರಾದರೂ ಮುಂದಿನ ಸ್ವಿಚ್ ಹಾಕಬೇಕು, ಹಿಂದಿನದನ್ನು ತೆಗೆಯಬೇಕು. ಒಂದು ಕ್ಷಣ ತಪ್ಪಿದರೆ ರೈಲು ಇನ್ನೊಬ್ಬನ ಕೈಗೆ ಹೋಗುತ್ತದೆ, ಇಲ್ಲವೇ ಗಡಿಯಲ್ಲಿ ತಡವರಿಸಿ ನಿಲ್ಲುತ್ತದೆ. ಆ ಕೆಲಸ ಮಗಳ ಪಾಲಿಗೆ ಬಂದಿತ್ತು. "ನೀನು ಸ್ವಿಚ್ ನೋಡಿಕೋ" ಎಂದು ಭಾಯಿಯ ಅಪ್ಪಣೆ. ಅವಳು ಅದರಲ್ಲಿ ಎಷ್ಟು ಪಳಗಿದಳೆಂದರೆ ಹುಡುಗರಿಗೆ ಸ್ವಿಚ್ ಎಂಬುದೊಂದು ಇದೆ ಎನ್ನುವುದೇ ಮರೆತುಹೋಯಿತು.

ಒಂದು ಸಂಜೆ ಅವಳು ನಾಲ್ಕೂ ಸ್ವಿಚ್‌ಗಳನ್ನು ನಡುವಿಗೆ ತಂದು ಕೈ ಕಟ್ಟಿ ಕೂತಳು. ಎರಡೂ ರೈಲು ನಿಂತವು. ಹುಡುಗರು ಕೂಗಾಡಿದರು. ನಾನು ಮೇಲೆ ಹೋಗಿ ನೋಡಿದರೆ ಅವಳ ಕಣ್ಣಲ್ಲಿ ನೀರು. "ಅಮ್ಮೀ, ರೈಲು ಓಡುವುದು ನನ್ನಿಂದ. ಆದರೆ ನಾನು ಒಂದು ದಿನವೂ ರೈಲು ಓಡಿಸಿಲ್ಲ" ಎಂದಳು.

ಸಹೋದರಿಯರೇ, ಆ ಮಾತು ನನಗೆ ಎಲ್ಲಿ ತಾಗಿರಬೇಕೆಂದು ನಿಮಗೆ ಹೇಳಬೇಕಾಗಿಲ್ಲ. ಮನೆಯ ಸ್ವಿಚ್‌ಗಳನ್ನೆಲ್ಲ ನೋಡಿಕೊಳ್ಳುವವರು ನಾವೇ ಅಲ್ಲವೇ?

ಸರದಿಯಂತೆ ಆಡಿ ಎಂದು ಹೇಳಿದೆ. ಒಂದು ವಾರ ನಡೆಯಿತು. ಆದರೆ ಹುಡುಗರಿಗೆ ಸ್ವಿಚ್ ಹಾಕಲು ಬರುತ್ತಿರಲಿಲ್ಲ. ಪ್ರತಿ ಸುತ್ತಿನಲ್ಲೂ ರೈಲು ನಿಲ್ಲುತ್ತಿತ್ತು. ಕೊನೆಗೆ ಮತ್ತೆ "ನೀನೇ ನೋಡಿಕೋ" ಎಂಬಲ್ಲಿಗೇ ಬಂತು. ಆಗ ನಾನು ಎರಡನೆಯ ಪದ್ಧತಿಯ ಬಗ್ಗೆ ತಮ್ಮನಲ್ಲಿ ವಿಚಾರಿಸಿದೆ.

ಹೆಸರು ಹಿಡಿದು ಕರೆಯುವುದು

ಈ ಹೊಸ ಪದ್ಧತಿಗೆ ಡಿಸಿಸಿ ಎಂದು ಹೆಸರು. ಡಿಜಿಟಲ್ ನಿಯಂತ್ರಣ ಎಂದರೂ ಸರಿ. ಜರ್ಮನಿಯ ಗೀಸನ್ ನಗರದ ಲೆಂಜ್ ಎಂಬ ಕಂಪನಿ 1980ರ ದಶಕದ ಕೊನೆಗೆ ಇದರ ಮೂಲವನ್ನು ರೂಪಿಸಿತು. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ 1994ರಲ್ಲಿ ಅದನ್ನು ಮಾನದಂಡವನ್ನಾಗಿ ಮಾಡಿತು. ಇದರಿಂದಾದ ದೊಡ್ಡ ಅನುಕೂಲವೆಂದರೆ ಒಂದು ಕಂಪನಿಯ ಇಂಜಿನ್ ಇನ್ನೊಂದು ಕಂಪನಿಯ ನಿಯಂತ್ರಕದಿಂದಲೂ ಓಡುತ್ತದೆ.

ಇದು ಕೆಲಸ ಮಾಡುವ ಬಗೆಯನ್ನು ತಮ್ಮ ಹೀಗೆ ವಿವರಿಸಿದ. ರೈಲ್ವೆ ಸ್ಟೇಷನ್ನಿನಲ್ಲಿ ಧ್ವನಿವರ್ಧಕ ಇರುತ್ತದೆಯಲ್ಲ? ಗಾಡಿಯ ನಂಬರ್ ಹೇಳಿದಾಗ ಎಲ್ಲರಿಗೂ ಕೇಳಿಸುತ್ತದೆ, ಆದರೆ ಆ ಗಾಡಿಗೆ ಹೋಗುವವರು ಮಾತ್ರ ಏಳುತ್ತಾರೆ. ಡಿಸಿಸಿಯಲ್ಲಿಯೂ ಹಾಗೆಯೇ. ಹಳಿಯಲ್ಲಿ ಯಾವಾಗಲೂ ಪೂರ್ತಿ ವಿದ್ಯುತ್ ಇರುತ್ತದೆ. ಆ ವಿದ್ಯುತ್ತಿನ ಜೊತೆಯಲ್ಲಿಯೇ ಸಂದೇಶಗಳು ಹರಿಯುತ್ತವೆ: 'ಐದನೇ ನಂಬರ್, ನಿಧಾನವಾಗಿ ಮುಂದಕ್ಕೆ', 'ಎಂಟನೇ ನಂಬರ್, ನಿಲ್ಲು.' ಪ್ರತಿ ಇಂಜಿನ್ನಿನೊಳಗೆ ಡಿಕೋಡರ್ ಎಂಬ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಒಂದು ಸರ್ಕೀಟು. ಅದು ಎಲ್ಲವನ್ನೂ ಕೇಳಿಸಿಕೊಂಡು ತನ್ನ ನಂಬರಿಗೆ ಬಂದದ್ದನ್ನು ಮಾತ್ರ ಪಾಲಿಸುತ್ತದೆ. ನಿಂತಾಗಲೂ ದೀಪ ಉರಿಯುತ್ತಿರುತ್ತದೆ. ಬೇಕಿದ್ದರೆ ಸೀಟಿಯ ಶಬ್ದವೂ ಬರುವಂತೆ ಮಾಡಬಹುದು.

ಎರಡು ಪದ್ಧತಿಗಳ ವ್ಯತ್ಯಾಸ ಇಷ್ಟೇ. ಹಳೆಯದರಲ್ಲಿ ನಾವು ಹಳಿಗೆ ಅಪ್ಪಣೆ ಕೊಡುತ್ತೇವೆ, ಹೊಸದರಲ್ಲಿ ರೈಲಿಗೆ. ಆದ್ದರಿಂದ ಯಾವುದು ಆಧುನಿಕ, ಯಾವುದು ದುಬಾರಿ ಎಂದು ನೋಡುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಆ ಹಲಗೆಯ ಸುತ್ತ ಎಷ್ಟು ಜನ ಕೂರುತ್ತಾರೆ ಎಂಬುದು. ಒಂದೇ ಮಗು, ಒಂದೇ ರೈಲು ಇದ್ದರೆ ಹಳೆಯ ಗುಂಡಿಯೇ ಸಾಕು. ಅದಕ್ಕಿಂತ ಅಗ್ಗವಾದದ್ದು, ಕೆಡದಿರುವುದು ಇನ್ನೊಂದಿಲ್ಲ. ಇಬ್ಬರು ಮೂವರು ಒಂದೇ ಹಳಿಯಲ್ಲಿ ಬೇರೆ ಬೇರೆ ರೈಲು ಓಡಿಸಬೇಕೆಂದರೆ ಮಾತ್ರ ಡಿಜಿಟಲ್‌ಗೆ ಕೊಟ್ಟ ಹಣ ಸಾರ್ಥಕ.

ಕೊಳ್ಳುವ ಮುನ್ನ

ನನ್ನ ಯಜಮಾನರು "ಆಟಿಕೆಗೆ ಇಷ್ಟು ಹಣವೇ?" ಎಂದರು. ಅವರ ಮಾತು ತಪ್ಪಲ್ಲ. ನಿಯಂತ್ರಕ ಪೆಟ್ಟಿಗೆ, ಎರಡು ಡಿಕೋಡರ್ ಎಲ್ಲ ಸೇರಿ ನಮ್ಮ ಎರಡು ಇಂಜಿನ್‌ಗಳ ಬೆಲೆಯನ್ನೂ ಮೀರುತ್ತಿತ್ತು. ನಾನು ಹೊಲಿಗೆಯಿಂದ ಬಂದದ್ದರಲ್ಲಿ ಸ್ವಲ್ಪ ಸ್ವಲ್ಪ ತೆಗೆದಿಟ್ಟೆ. ಆರು ತಿಂಗಳು ಕಾಯಬೇಕೆಂದು ಮಕ್ಕಳಿಗೆ ಹೇಳಿದೆ. ಕಾದರು. ಆ ಆರು ತಿಂಗಳಲ್ಲಿ ನಾನು ಕೇಳಿ ತಿಳಿದ ಸಂಗತಿಗಳನ್ನು ನಿಮಗಾಗಿ ಇಲ್ಲಿ ಕೊಡುತ್ತಿದ್ದೇನೆ.

ಇಂಜಿನ್ನಿನ ಪೆಟ್ಟಿಗೆಯ ಮೇಲೆ 'ಡಿಸಿಸಿ ರೆಡಿ' ಎಂದಿದ್ದರೆ ಅದರೊಳಗೆ ಡಿಕೋಡರ್ ಇದೆ ಎಂದು ತಿಳಿಯಬೇಡಿ. ಡಿಕೋಡರ್ ಚುಚ್ಚಲು ಜಾಗ ಮಾತ್ರ ಇದೆ ಎಂದರ್ಥ. ಡಿಕೋಡರನ್ನು ಬೇರೆಯಾಗಿ ಕೊಳ್ಳಬೇಕು. ಆ ಜಾಗವೂ ಇಲ್ಲದ ಹಳೆಯ ಇಂಜಿನ್‌ಗಳಿಗೆ ತಂತಿ ಬೆಸೆಯಬೇಕಾಗುತ್ತದೆ. ಅದು ಕೈ ಪಳಗಿದವರ ಕೆಲಸ.

ಡಿಕೋಡರ್ ಇಲ್ಲದ ಇಂಜಿನ್ನನ್ನು ಡಿಜಿಟಲ್ ಹಳಿಯ ಮೇಲೆ ಇಡಬೇಡಿ. ಅದು ಗುಂಯ್‌ಗುಟ್ಟುತ್ತಾ ನಿಂತಲ್ಲೇ ಬಿಸಿಯಾಗುತ್ತದೆ. ಕೆಲವು ಮೋಟಾರ್‌ಗಳು ಸುಟ್ಟೇ ಹೋಗುತ್ತವೆ. ಡಿಕೋಡರ್ ಇರುವ ಇಂಜಿನ್‌ಗಳಲ್ಲಿ ಹೆಚ್ಚಿನವು ಹಳೆಯ ಪದ್ಧತಿಯ ಹಳಿಯಲ್ಲೂ ಓಡುತ್ತವೆ. ಆದರೂ ಅದರ ಕೈಪಿಡಿ ನೋಡಿಯೇ ಇಡಿ.

ಎಲ್ಲ ರೈಲುಗಳೂ ಒಂದೇ ಜಾತಿಯವಲ್ಲ. ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಎಚ್‌ಒ ರೈಲುಗಳಲ್ಲಿ ಹೆಚ್ಚಿನವು ಮೂರು ವಾಹಕಗಳ ಹಳಿಯವು. ಹಳಿಯ ನಡುವೆ ಸಾಲಾಗಿ ಸಣ್ಣ ಮೊಳೆಗಳಿರುತ್ತವೆ. ಅವು ಎರಡು ಹಳಿಯ ಪದ್ಧತಿಯಲ್ಲಿ ಓಡುವುದಿಲ್ಲ. ಅಳತೆ ಒಂದೇ ಎಂದು ನೋಡಿ ಕೊಂಡರೆ ಮೋಸಹೋಗುತ್ತೀರಿ.

ಅಮೆರಿಕದಿಂದ ಯಾರಾದರೂ ತಂದರೆ ಅಡಾಪ್ಟರಿನ ಮೇಲೆ ಬರೆದಿರುವುದನ್ನು ಓದಿ. ಅಲ್ಲಿಯ ವಿದ್ಯುತ್ 120 ವೋಲ್ಟ್, ನಮ್ಮದು 230. ನೇರವಾಗಿ ಚುಚ್ಚಿದರೆ ಹೊಗೆ ಬರುತ್ತದೆ. ಗೋಡೆಯ ಪ್ಲಗ್ಗಿನ ಕಡೆಯ ಯಾವ ಕೆಲಸವನ್ನೂ ಮಕ್ಕಳ ಕೈಗೆ ಕೊಡಬೇಡಿ. ಅಡಾಪ್ಟರಿನ ಈಚೆಗಿನ ತಂತಿಗಳನ್ನು ಜೋಡಿಸುವಾಗಲೂ ಪ್ಲಗ್ ತೆಗೆದಿರಲಿ.

ಹಳಿ ತಿರುಗಿ ಬಂದು ತನ್ನನ್ನೇ ಸೇರುವಂತೆ ಜೋಡಿಸಿದರೆ ಎಡ ಹಳಿ ಬಲ ಹಳಿಗೆ ತಾಗಿ ಶಾರ್ಟ್ ಆಗುತ್ತದೆ. ಎರಡೂ ಪದ್ಧತಿಗಳಲ್ಲಿ ಈ ತೊಂದರೆ ಇದೆ. ಹೊಸಬರಿಗೆ ಬರೀ ಸುತ್ತು ಹಳಿಯೇ ಕ್ಷೇಮ.

ಕೊನೆಯದಾಗಿ, ಧೂಳು. ಡಿಜಿಟಲ್ ಇಂಜಿನ್ನಿಗೆ ವಿದ್ಯುತ್ತೂ ಬೇಕು, ಸಂದೇಶವೂ ಬೇಕು. ಹಳಿ ಕೊಳೆಯಾದರೆ ಎರಡೂ ತಲುಪುವುದಿಲ್ಲ. ವಾರಕ್ಕೊಮ್ಮೆ ಪ್ಲಗ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಹಳಿ ಒರೆಸಿ, ಚೆನ್ನಾಗಿ ಆರಿದ ಮೇಲೆ ಓಡಿಸಬೇಕು.

ದುಬಾರಿ ಪೆಟ್ಟಿಗೆ ಬೇಡವೆನ್ನುವವರಿಗೆ ಇನ್ನೊಂದು ದಾರಿಯೂ ಇದೆ. ಆರ್ಡುಯಿನೊ ಎಂಬ ಸಣ್ಣ ಸರ್ಕೀಟು ಹಲಗೆಯಿಂದ ಮನೆಯಲ್ಲೇ ನಿಯಂತ್ರಕ ಮಾಡುವ ಡಿಸಿಸಿ-ಇಎಕ್ಸ್ ಎಂಬ ಯೋಜನೆಯೂ, ಕಂಪ್ಯೂಟರಿನಿಂದ ರೈಲು ಓಡಿಸುವ ಜೆಎಂಆರ್‌ಐ ಎಂಬ ತಂತ್ರಾಂಶವೂ ಉಚಿತವಾಗಿ ಸಿಗುತ್ತವೆ. ಮನೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಮಗಳೋ ಮಗನೋ ಇದ್ದರೆ ಅವರ ಕೈಗೆ ಒಳ್ಳೆಯ ಕೆಲಸ. ನಮ್ಮ ಮಕ್ಕಳು ಇನ್ನೂ ಚಿಕ್ಕವರು, ನಾವು ಸಿದ್ಧ ಪೆಟ್ಟಿಗೆಯನ್ನೇ ತರಿಸಿದೆವು. ಅದಕ್ಕೆ ಮೊಬೈಲಿನಿಂದಲೂ ಅಪ್ಪಣೆ ಕೊಡಬಹುದು. ಕಪಾಟಿನಲ್ಲಿ ಬಿದ್ದಿದ್ದ, ಸಿಮ್ ಇಲ್ಲದ ಎರಡು ಹಳೆಯ ಫೋನ್‌ಗಳು ಉಪಯೋಗಕ್ಕೆ ಬಂದವು.

ಟೆನಿಸ್ ಚೆಂಡು

ಕಳೆದ ರಜೆಗೆ ತಮ್ಮ ಬಂದಾಗ ಇಂಜಿನ್‌ಗಳ ಮೇಲ್ಹೊದಿಕೆ ತೆಗೆದು, ಎಂಟು ಕಾಲಿನ ಡಿಕೋಡರ್ ಚುಚ್ಚಿದ. ಹತ್ತು ನಿಮಿಷದ ಕೆಲಸ. ಮಗಳು ಫೋನ್ ಹಿಡಿದು ತನ್ನ ರೈಲನ್ನು ಓಡಿಸಿದಳು. ಎರಡೂ ರೈಲು ಒಟ್ಟಿಗೆ ಹೊರಟವು! ಹುಡುಗರು ಬಿದ್ದು ಬಿದ್ದು ನಕ್ಕರು. ಕಾರಣ ಇಷ್ಟೇ: ಹೊಸ ಡಿಕೋಡರ್‌ಗಳಿಗೆಲ್ಲ ಸಾಮಾನ್ಯವಾಗಿ ಮೂರು ಎಂಬ ನಂಬರನ್ನೇ ಕೊಟ್ಟಿರುತ್ತಾರೆ. ಒಂದೊಂದನ್ನೇ ಬೇರೆಯಾಗಿ ಇಟ್ಟು ನಮಗೆ ಬೇಕಾದ ನಂಬರ್ ಕೊಡಬೇಕು. ಒಂದಕ್ಕೆ ಐದು, ಇನ್ನೊಂದಕ್ಕೆ ಎಂಟು ಕೊಟ್ಟ ಮೇಲೆ ಎರಡೂ ತಮ್ಮ ತಮ್ಮ ದಾರಿ ಹಿಡಿದವು.

ಆದರೆ ಅರ್ಧ ಗಂಟೆಯೊಳಗೆ ಒಂಟಿ ಹಳಿಯ ಮೇಲೆ ಎರಡೂ ಎದುರುಬದುರಾಗಿ ಡಿಕ್ಕಿ ಹೊಡೆದವು. ಒಂದು ಇಂಜಿನ್ನಿನ ಮುಂಭಾಗದ ಬಫರ್ ಮುರಿಯಿತು. ಸ್ವಿಚ್ ಡಬ್ಬಿಯ ಕಾಲದಲ್ಲಿ ಇಂತಹ ಡಿಕ್ಕಿ ಆಗಿದ್ದು ಕಡಿಮೆ. ಮುಂದಿನ ಭಾಗ ಸಿಗದಿದ್ದರೆ ರೈಲು ತಾನಾಗಿಯೇ ನಿಲ್ಲುತ್ತಿತ್ತು. ಈಗ ಎಲ್ಲ ಕಡೆಯೂ ವಿದ್ಯುತ್ ಇದೆ. ತಡೆಯುವವರು ಯಾರೂ ಇಲ್ಲ. ಡಿಜಿಟಲ್ ಎಂದರೆ ಡಿಕ್ಕಿಯಾಗುವುದಿಲ್ಲ ಎಂದು ನಾನು ತಿಳಿದಿದ್ದು ತಪ್ಪಾಗಿತ್ತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ತೆರೆದ ಮಿನಿಯಾಟೂರ್ ವುಂಡರ್‌ಲಾಂಡ್ ಎಂಬ ಪ್ರದರ್ಶನಾಲಯದಲ್ಲಿ ಸಾವಿರಕ್ಕೂ ಹೆಚ್ಚು ರೈಲುಗಳಿವೆಯಂತೆ. ತಮ್ಮ ನೋಡಿ ಬಂದಿದ್ದಾನೆ. ಅಲ್ಲಿಯೂ ಯಾವ ಭಾಗದಲ್ಲಿ ಯಾವ ರೈಲಿದೆ ಎಂದು ಕಂಪ್ಯೂಟರ್ ಲೆಕ್ಕ ಇಟ್ಟುಕೊಂಡೇ ಮುಂದಿನದನ್ನು ಬಿಡುತ್ತದೆ.

ನಮ್ಮಲ್ಲಿ ಕಂಪ್ಯೂಟರ್ ಇಲ್ಲ, ಅಬ್ಬಾ ಇದ್ದಾರೆ. ಅವರು ಒಂದು ಹಳೆಯ ಟೆನಿಸ್ ಚೆಂಡು ತರಿಸಿದರು. ಒಂಟಿ ಹಳಿಯ ದಾರಿಗಳಲ್ಲಿ ಹಿಂದೆ ಚೆಂಡಿನ ಟೋಕನ್ ಬಳಸುತ್ತಿದ್ದರಂತೆ. ಎರಡು ಸ್ಟೇಷನ್‌ಗಳಲ್ಲಿ ಒಂದಕ್ಕೊಂದು ತಂತಿಯಿಂದ ಜೋಡಿಸಿದ ಯಂತ್ರಗಳು. ಒಂದು ಹೊತ್ತಿಗೆ ಒಂದೇ ಲೋಹದ ಚೆಂಡು ಹೊರಬರುತ್ತದೆ. ಅದು ಕೈಯಲ್ಲಿದ್ದ ಡ್ರೈವರ್ ಮಾತ್ರ ಆ ಹಳಿಗೆ ಗಾಡಿ ತೆಗೆದುಕೊಂಡು ಹೋಗಬಹುದು. "ಚೆಂಡು ಇಲ್ಲದೆ ಯಾರೂ ಒಂಟಿ ಹಳಿಗೆ ಹೋಗಕೂಡದು, ಮಗನಾಗಲಿ ಮಗಳಾಗಲಿ" ಎಂದು ಅಬ್ಬಾ ಕಟ್ಟುನಿಟ್ಟಾಗಿ ಹೇಳಿದರು.

ಈಗ ಇಬ್ಬರು ರೈಲು ಓಡಿಸುತ್ತಾರೆ, ಮೂರನೆಯವರು ಸ್ಟೇಷನ್ ಮಾಸ್ಟರ್. ಹಳಿ ಬದಲಿಸುವುದು, ಚೆಂಡು ಕೊಡುವುದು ಅವರ ಕೆಲಸ. ಅದನ್ನು ಕಲಿಯಲು ಯಾರಿಗೂ ಕಷ್ಟವಿಲ್ಲವಾದ್ದರಿಂದ ಸರದಿ ತಪ್ಪುವುದಿಲ್ಲ. ಹಳೆಯ ಸ್ವಿಚ್ ಡಬ್ಬಿಯನ್ನೂ ನಾವು ಬಿಸಾಡಿಲ್ಲ. ನಾಲ್ಕೂ ಭಾಗಗಳನ್ನು ಈಗ ಒಂದೇ ನಿಯಂತ್ರಕಕ್ಕೆ ಜೋಡಿಸಿದ್ದೇವೆ. ಎಲ್ಲಾದರೂ ಶಾರ್ಟ್ ಆಗಿ ಎಲ್ಲ ರೈಲೂ ನಿಂತಾಗ ಒಂದೊಂದೇ ಸ್ವಿಚ್ ತೆಗೆದು ನೋಡಿದರೆ ದೋಷ ಯಾವ ಭಾಗದಲ್ಲಿದೆ ಎಂದು ತಿಳಿಯುತ್ತದೆ. ಆ ಕೆಲಸದಲ್ಲಿ ಮಗಳನ್ನು ಮೀರಿಸುವವರು ಇಂದಿಗೂ ಇಲ್ಲ. ಈಗ ಹುಡುಗರೇ ಅವಳ ಪಕ್ಕ ಕೂತು ಕಲಿಯುತ್ತಿದ್ದಾರೆ.

ಮೊನ್ನೆ ಭಾನುವಾರ ನಾನು ಚಹಾ ತೆಗೆದುಕೊಂಡು ಮೇಲೆ ಹೋದೆ. ಅಬ್ಬಾ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಮಗನ ರೈಲು ಸ್ಟೇಷನ್ನಿನಲ್ಲಿ ದೀಪ ಉರಿಸಿಕೊಂಡು ನಿಂತಿತ್ತು. ಮಗಳ ರೈಲು ಒಂಟಿ ಹಳಿಯಲ್ಲಿ ಆರಾಮವಾಗಿ ಹೋಗುತ್ತಿತ್ತು.

"ಬೇಗ ಬಾರೇ" ಎಂದ ಅವನು.

"ಇರಿ ಭಾಯಿ, ಚೆಂಡು ಇನ್ನೂ ನನ್ನ ಹತ್ತಿರ ಇದೆ" ಎಂದಳು ಅವಳು. ಅವನು ಕಾದ.